ಕರಬಸಪ್ಪ ಮಾಸ್ತರರ ಮನೆ ಸುದ್ದಿಯ ತಾಸು

ಇಲಾಖೆಯಿಂದ ಬಂದ ಸುತ್ತೋಲೆಯನ್ನು ಕರಬಸಪ್ಪ ಮಾಸ್ತರರು ಓದಿದರು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಸುತ್ತೋಲೆಗಳನ್ನು ಕಳಿಸುವುದು ಫೈಲಿಗೆ ಹಚ್ಚುವುದಕ್ಕೆ, ಓದುವುದಕ್ಕಲ್ಲ ಎಂಬಷ್ಟು ತಿಳಿವಳಿಕೆಯೂ ಆ ಮನುಷ್ಯನಿಗೆ ಇರಲಿಲ್ಲ. ‘ಮಕ್ಕಳು ತಾವು ಕಂಡದ್ದನ್ನು, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಧೈರ್ಯವಾಗಿ ಹೇಳುವಂತೆ ಕಲಿಸತಕ್ಕದ್ದು’ ಎಂದು ಅದರಲ್ಲಿತ್ತು. ಬರೆದವನೂ ಇದನ್ನು ನಂಬಿರಲಿಕ್ಕಿಲ್ಲ. ಕರಬಸಪ್ಪ ಮಾಸ್ತರರು ನಂಬಿದರು.

ತಿಳವಳ್ಳಿಯಿಂದ ಎರಡು ಹರದಾರಿ ಒಳಗಿದ್ದ ಆ ಹಳ್ಳಿಯ ಶಾಲೆಗೆ ಇಬ್ಬರೇ ಮಾಸ್ತರರು. ಹಿರಿಯರು ಪರಮೇಶ್ವರಪ್ಪ. ಅವರ ಹದಿನೆಂಟು ವರ್ಷದ ನೌಕರಿಯಲ್ಲಿ ಅವರ ತರಗತಿಯಿಂದ ಗೊರಕೆಯ ಹೊರತು ಬೇರೆ ಸದ್ದು ಹೊರಬಿದ್ದಿರಲಿಲ್ಲ, ಅದೂ ಅವರದೇ. ಸುತ್ತೋಲೆಯ ಸಂಗತಿ ಕೇಳಿ ಅವರು ಒಂದು ಕಣ್ಣು ತೆರೆದಿದ್ದರು.

“ಮಕ್ಕಳ ಬಾಯಿ ಬಿಡಸೋದು ಸಸಾರ ಐತಿ, ಕರಬಸಪ್ಪ. ಮುಚ್ಚಸಾಕ ನಿನ್ನ ಕೈಲೆ ಆಗಂಗಿಲ್ಲ ನೋಡು.”

ಕರಬಸಪ್ಪ ಮಾಸ್ತರರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರಿಗೆ ಹಿರೇಕೆರೂರಿಗೆ ವರ್ಗವಾಗಬೇಕಿತ್ತು. ಮದುವೆಯಾಗಿ ಮೂರು ವರ್ಷವಾದರೂ ಹೆಂಡತಿ ಅನ್ನವ್ವ ಹಿರೇಕೆರೂರಿನ ತವರಿನಲ್ಲೇ ಇದ್ದಳು. ಈ ಹಳ್ಳಿಯಲ್ಲಿ ಮಾಸ್ತರರಿಗೆ ಸಿಕ್ಕಿದ್ದು ಅಂಗಡಿ ಮುನಾಫನ ಮೆಣಸಿನಕಾಯಿ ಗೋದಾಮಿನ ಮೂಲೆ. ಅನ್ನವ್ವ ಒಮ್ಮೆ ಬಂದು ಎಂಟು ದಿನ ಬರೀ ಸೀನಿ, ಒಂಬತ್ತನೆಯ ದಿನ ಬಸ್ಸು ಹತ್ತಿದವಳು, ‘ವರ್ಗ ಆಗುವತನಕ ನನ್ನ ಮುಂದೆ ಸಂಸಾರದ ಮಾತು ಎತ್ತಬೇಡಿ’ ಎಂದು ಕಾಗದ ಬರೆದಿದ್ದಳು. ಹಿರೇಕೆರೂರಿನಲ್ಲಿ ಒಂದು ಜಾಗ ಖಾಲಿಯಿತ್ತು. ಗುರುವಾರ ತಪಾಸಣೆಗೆ ಬರುವ ದಿಪೋಟಿ ಸಾಹೇಬರು ‘ಅತ್ಯುತ್ತಮ’ ಎಂದು ಷರಾ ಬರೆದರೆ ಅದು ತಮ್ಮದೇ ಎಂದು ಮಾಸ್ತರರು ಲೆಕ್ಕ ಹಾಕಿದ್ದರು.

ಅದಕ್ಕೇ ದಿನದ ಮೊದಲ ತಾಸು ‘ಮನೆ ಸುದ್ದಿ’. ಒಬ್ಬೊಬ್ಬರೇ ಎದ್ದು ನಿಂತು ನಿನ್ನೆ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಮೊದಮೊದಲು ಮಕ್ಕಳು “ಆಕಳ ಐತ್ರಿ” ಎಂದು ಕೂತುಬಿಡುತ್ತಿದ್ದರು. ಹೊಡೆತವಿಲ್ಲ, ಬೈಗುಳವಿಲ್ಲ ಎಂದು ಖಾತ್ರಿಯಾದ ಮೇಲೆ ಕಟ್ಟೆ ಒಡೆಯಿತು. ಒಂದು ತಿಂಗಳಲ್ಲಿ ಆ ಮಕ್ಕಳು ಎಂಥ ಚೆಂದದ ಕನ್ನಡದಲ್ಲಿ, ಎಷ್ಟು ವಿವರವಾಗಿ ಮಾತಾಡಲು ಕಲಿತರೆಂದರೆ, ಊರವರು ಮಕ್ಕಳೆದುರು ಬಾಯಿ ಬಿಡಲು ಹೆದರತೊಡಗಿದರು.

ಗುರುವಾರ ಬೆಳಗಾಗುವುದರೊಳಗೆ ಹಾಲಿನ ದುರಗವ್ವ ಗೋದಾಮಿನ ಬಾಗಿಲು ಬಡಿದಳು.

“ಏನ್ರಿ ಮಾಸ್ತರ, ನನ್ನ ಮಗಾ ಬೀರಪ್ಪ ನಿನ್ನಿ ಶಾಲ್ಯಾಗ ಏನಂದ?”

“ಹಾಲಿಗೆ ನೀರ ಹಾಕ್ತೀರಿ ಅಂದ. ಆದ್ರ ಹಳ್ಳದ ನೀರಲ್ಲ, ಬಾವಿ ನೀರ ಅಂತ ಬಿಡಿಸಿ ಹೇಳಿದ. ಭಾಳ ಚಲೋ ಹೇಳಿದ, ದುರಗವ್ವಾರ.”

“ನೀರ ಹಾಕದ ಹಾಲು ಮಾರೋ ಹೆಣ್ಮಗಳು ಈ ತಾಲೂಕಿನ್ಯಾಗ ಯಾವಾಕಿ ಅದಾಳ, ತೋರಸ್ರಿ! ಅಕ್ಷರಾ ಕಲಸ್ರಿ ಅಂತ ಕಳಿಸಿದ್ರ ಮನಿ ಮುರಿಯೋದ ಕಲಸಾಕತ್ತೀರಿ?”

ಹಿಂದೆಯೇ ಮುನಾಫ ಬಂದ. ಅವನ ಮಗಳು ಶಾಕೀರಾ, ಅಪ್ಪನ ಅಂಗಡಿಯಲ್ಲಿ ಕೊಳ್ಳುವುದಕ್ಕೊಂದು ತೂಕದ ಕಲ್ಲು, ಮಾರುವುದಕ್ಕೊಂದು ಕಲ್ಲು ಇದೆಯೆಂದು ಹೇಳಿ ಇಡೀ ತರಗತಿಯಿಂದ ಚಪ್ಪಾಳೆ ಗಿಟ್ಟಿಸಿದ್ದಳು.

“ಖೋಲಿ ಕೊಟ್ಟವನ ಕುತ್ತಿಗಿಗೇ ಬಂದ್ರಲ್ಲ ಮಾಸ್ತರ. ಇವತ್ತ ಸಾಹೇಬ್ರು ಬರ್ತಾರಂತ. ಅವರ ಮುಂದ ನಮ್ಮ ಮಕ್ಕಳು ತುಟಿ ಪಿಟಕ್ಕನ್ನಂಗಿಲ್ಲ. ಬಂದೋಬಸ್ತ ಮಾಡೇವಿ.”

ಬೈದು ಹಗುರಾದರು, ಮುಗಿಯಿತು ಎಂದು ಮಾಸ್ತರರು ತಿಳಿದರು. ಬಂದೋಬಸ್ತು ಏನೆಂಬುದು ಶಾಲೆಯಲ್ಲಿ ಹಾಜರಿ ಕರೆದಾಗ ಗೊತ್ತಾಯಿತು. ಮೂವತ್ತೆರಡು ಮಕ್ಕಳೂ ಬಾಯಿ ಬಿಗಿದು ಕೂತಿದ್ದವು. ಹೆಸರು ಕರೆದರೆ ಕೈ ಎತ್ತುತ್ತಿದ್ದವು. ಎತ್ತಿದ ಅಂಗೈಗಳೆಲ್ಲ ಹಳದಿ.

ಮಾಸ್ತರರು ಗುರುತು ಹಿಡಿದರು. ಬೀರದೇವರ ಭಂಡಾರ! ಗುಡಿಯ ಆ ಅರಿಶಿನ ಪುಡಿಯನ್ನು ಮುಟ್ಟಿ ಮಾಡಿದ ಆಣೆಯನ್ನು ಆ ಸೀಮೆಯಲ್ಲಿ ಕಳ್ಳರೂ ಮುರಿಯುವುದಿಲ್ಲ. ಮುರಿದರೆ ಮನೆಯ ದನಕರು ಉಳಿಯುವುದಿಲ್ಲವೆಂದು ನಂಬಿಕೆ. ದೇವರು ದಂಡಿಸುವುದು ಸುಳ್ಳು ಹೇಳಿದವರನ್ನು ಎಂದು ನಾವು ನೀವು ತಿಳಿದಿದ್ದೇವೆ. ಇಲ್ಲಿ ಊರ ದೊಡ್ಡವರು ಸೇರಿ, ಮಕ್ಕಳು ಖರೆ ಹೇಳಿದರೆ ದಂಡಿಸುವ ಕೆಲಸವನ್ನು ದೇವರಿಗೆ ಹಚ್ಚಿದ್ದರು. ಶಾಕೀರಾಳ ಅಂಗೈ ಮಾತ್ರ ಬೆಳ್ಳಗಿತ್ತು, ಅವಳಿಗೆ ಅಪ್ಪ ಅದೇ ಆಣೆಯನ್ನು ಪೀರಲದೇವರ ಹೆಸರಲ್ಲಿ ಹಾಕಿಸಿದ್ದ.

ಪರಮೇಶ್ವರಪ್ಪನವರು ಬಾಗಿಲಲ್ಲಿ ನಿಂತು ಇಣುಕಿ ನೋಡಿ ತಲೆದೂಗಿದರು.

“ಭಲೆ! ಈಗ ಶಾಲಿ ಶಾಲಿಯಂಗ ಕಾಣಸಾಕತ್ತೇತಿ ನೋಡು.”

ಕರಬಸಪ್ಪ ಮಾಸ್ತರರು ಧೋತರ ಎತ್ತಿ ಕಟ್ಟಿ ಗುಡಿಗೆ ಓಡಿದರು. ದಾರಿಯ ಬೇಲಿ ಧೋತರದ ಅಂಚನ್ನು ಹಿಡಿದು ಅರ್ಧ ಮೊಳ ಇಟ್ಟುಕೊಂಡಿತು. ಪೂಜಾರಿ ನೀಲಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ನೀಲಪ್ಪ, ಆ ಆಣಿ ತಗೀಪಾ! ಸಾಹೇಬ್ರು ಬರೋ ಹೊತ್ತಾತು.”

“ಹಾಕೋದು ನನ್ನ ಕೆಲಸ್ರಿ. ತಗಿಯೋದು ದೇವರ ಕೆಲಸ.”

“ದೇವರು ಯಾವಾಗ ತಗೀತಾನ?”

“ಅಮಾಸಿಗೆ.”

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನ. ಮಾಸ್ತರರು ಅಲ್ಲೇ ಕಟ್ಟೆಯ ಮೇಲೆ ಕೂತರು. ಹಿರೇಕೆರೂರು, ಅನ್ನವ್ವ, ಸಂಸಾರ ಎಲ್ಲ ಕಣ್ಣೆದುರೇ ದೂರ ಹೋದವು. ಕೊನೆಗೆ ಸುಮ್ಮನೆ ಕೇಳಿದರು.

“ಏನಂತ ಆಣಿ ಹಾಕ್ಸೀದಿ, ಅದನ್ನರ ಹೇಳು.”

“‘ಶಾಲಿ ಹೊಸ್ತಲಾ ದಾಟಿ ಒಳಗ ಹ್ವಾದಮ್ಯಾಲೆ ಬಾಯಿ ಬಿಡಂಗಿಲ್ಲ’ ಅಂತ. ಪೂರಾ ಬಾಯಿ ಬಿಡಬ್ಯಾಡಂದ್ರ ಹುಡುಗ್ರು ರೊಟ್ಟಿ ಹೆಂಗ ತಿಂತಾವ್ರಿ?”

ಮಾಸ್ತರರು ಎದ್ದವರೇ ನೀಲಪ್ಪನ ಕಾಲು ಮುಟ್ಟಿ, ಬಂದ ದಾರಿಯಲ್ಲೇ ಓಡಿದರು. ಬೇಲಿ ಇನ್ನರ್ಧ ಮೊಳ ತೆಗೆದುಕೊಂಡಿತು. ಐದು ನಿಮಿಷದಲ್ಲಿ ಮೂವತ್ತೆರಡು ಮಕ್ಕಳೂ ಶಾಲೆಯ ಹೊಸ್ತಿಲಾಚೆ ಹುಣಸೆ ಮರದ ಕೆಳಗಿದ್ದರು.

ದಿಪೋಟಿ ಸಾಹೇಬರು ಸೈಕಲ್ಲಿನಿಂದ ಇಳಿದಾಗ ಪರಮೇಶ್ವರಪ್ಪನವರು ಚಹಾದ ಬಶಿ ಹಿಡಿದು ಸ್ವಾಗತಿಸಿದರು. ಶಾಲೆಯ ಬೇಲಿಯಾಚೆ ದುರಗವ್ವ, ಮುನಾಫ, ನೀಲಪ್ಪ, ಮತ್ತೆ ಊರಲ್ಲಿ ಕೆಲಸವಿಲ್ಲದವರೆಲ್ಲ, ಅಂದರೆ ಇಡೀ ಊರು, ತಮ್ಮ ಬಂದೋಬಸ್ತು ನೋಡಲು ನೆರೆದಿತ್ತು. ಸಾಹೇಬರು ಚಹಾ ಗುಟುಕರಿಸುತ್ತ ಮುಂದಿದ್ದ ಬೀರಪ್ಪನನ್ನು ಕೇಳಿದರು.

“ಏನಪಾ ತಮ್ಮಾ, ಇವತ್ತ ಮನ್ಯಾಗ ಏನೇನು ನಡೀತು? ಹೇಳು ನೋಡೋಣ.”

ಬೆಳಗಿನಿಂದ ಬಾಯಿ ಬಿಗಿದು ಕೂತಿದ್ದ ಬೀರಪ್ಪ ಎದ್ದು ಕೈಕಟ್ಟಿ ನಿಂತ.

“ಇವತ್ತ ನಮ್ಮವ್ವ ಹಾಲಿಗೆ ಎರಡು ತಂಬಿಗಿ ನೀರ ಹಾಕಿದ್ಳ್ರಿ. ದಿನಾ ಒಂದ ಹಾಕ್ತಾಳ್ರಿ. ಇನ್ನೊಂದು ಯಾಕ ಅಂತ ಕೇಳಿದೆ. ‘ಇದು ಸಾಹೇಬ್ರ ಚಹಾದ ಹಾಲಲೇ. ಅವರು ಕುರ್ಚಿ ಮ್ಯಾಲೆ ಕುಂದ್ರೋರು, ಹಾಲಿನ ರುಚಿ ಅವರಿಗೇನ ಗೊತ್ತು’ ಅಂದ್ಳ್ರಿ.”

ಸಾಹೇಬರು ಬಶಿಯನ್ನು ನೋಡಿದರು. ಕರಬಸಪ್ಪ ಮಾಸ್ತರರು ಕಣ್ಣು ಮುಚ್ಚಿದರು. ಆಮೇಲೆ ಕೇಳಿಸಿದ್ದು ನಗು. ಸಾಹೇಬರು ಟೊಪ್ಪಿಗೆ ಬೀಳುವ ಹಾಗೆ ನಗುತ್ತಿದ್ದರು. ಇಪ್ಪತ್ತು ವರ್ಷ ಊರೂರು ತಿರುಗಿ ಬಾಯಿಪಾಠದ ಪದ್ಯ ಕೇಳಿ ಕೇಳಿ ಆ ಮನುಷ್ಯನ ಜೀವ ಒಣಗಿತ್ತು. ಮುಂದೆ ಶಾಕೀರಾ ಎರಡು ಕಲ್ಲುಗಳ ಕತೆಯನ್ನು ತೂಕದ ಸಮೇತ ಹೇಳಿದಳು. ಪೂಜಾರಿಯ ಮಗಳು ಅಡಿವೆವ್ವ, ದೇವರಿಗೆ ಬಂದ ಇಡೀ ಕಾಯಿಯನ್ನು ಅಪ್ಪ ಮುನಾಫನ ಅಂಗಡಿಗೆ ಮಾರುತ್ತಾನೆಂದೂ ಅದೇ ಕಾಯಿ ತಿರುಗಿ ಗುಡಿಗೆ ಬರುತ್ತದೆಂದೂ ಹೇಳಿ, “ಒಂದ ಕಾಯಿಗೆ ನಾನು ಇದ್ದಲಿಲೆ ಗುರುತು ಮಾಡಿದ್ನಿರಿ, ಐದು ಸಲ ಬಂತ್ರಿ” ಎಂದು ಪುರಾವೆಯನ್ನೂ ಕೊಟ್ಟಳು.

ಬೇಲಿಯಾಚೆ ಪ್ರತಿಯೊಬ್ಬರೂ ತಂತಮ್ಮ ಸರದಿಗೆ ಹಲ್ಲು ಕಡಿದು, ಉಳಿದವರ ಸರದಿಗೆ ಹೊಟ್ಟೆ ಹಿಡಿದು ನಕ್ಕರು.

ಸಾಹೇಬರು ಷರಾ ಬುಕ್ಕು ತರಿಸಿ ‘ಅತ್ಯುತ್ತಮ’ ಎಂದು ಬರೆದು ಕೆಳಗೆ ಎರಡು ಗೀಟು ಎಳೆದರು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಹಿರೇಕೆರೂರಿನ ಖಾಲಿ ಜಾಗದ ಸಂಗತಿ ಹೇಳಿ ಕೈಮುಗಿದರು.

“ಜಾಗಾ ಐತಿ, ಖರೆ,” ಎಂದರು ಸಾಹೇಬರು. “ಇವತ್ತ ಒಬ್ಬರನ್ನ ಗೊತ್ತು ಮಾಡೇ ಹೋಗ್ತೇನಿ. ಆದ್ರ ಇಂಥಾ ಮಾಸ್ತರನ್ನ ಒಯ್ದ್ರ ಊರವರು ಏನಂತಾರ?”

ಮಾಸ್ತರರ ಮುಖ ಅರಳಿತು. ಈ ಊರವರೇ ತಾನೆ ಬೆಳಗ್ಗೆ ಬಾಗಿಲು ಮುರಿಯಲು ಬಂದವರು? ಹೋದರೆ ಸಾಕು ಎನ್ನುವವರಲ್ಲದೆ ಮತ್ತೇನು! ಅವರು ಆಸೆಯಿಂದ ಬೇಲಿಯ ಕಡೆ ತಿರುಗಿದರು.

ದುರಗವ್ವ ಬೇಲಿ ದಾಟಿ ಮುಂದೆ ಬಂದಳು.

“ಒಯ್ಯಬ್ಯಾಡ್ರಿ ಯಪ್ಪಾ! ಈ ಮುನಾಫನ ಕಳ್ಳ ಕಲ್ಲು ಇಷ್ಟು ವರ್ಷ ಯಾರಿಗರ ಗೊತ್ತಿತ್ತೇನ್ರಿ?”

“ಹೌದ್ರಿ ಸಾಹೇಬ್ರ,” ಎಂದ ಮುನಾಫ. “ಈಕಿ ನೀರು ಕುಡದು ಕುಡದು ನನಗ ನೆಗಡಿ ಹಿಡದಿತ್ತು. ಮಾಸ್ತರ ಇರಬೇಕ್ರಿ. ಬೇಕಾದ್ರ ಗೋದಾಮಿನ್ಯಾಗ ಇನ್ನೆರಡು ಚೀಲ ಸರಸಿ ಜಾಗಾ ಮಾಡಿಕೊಡ್ತೇನಿ.”

ನೀಲಪ್ಪ ಅಲ್ಲಿಯೇ ಭಂಡಾರ ತೆಗೆದು, ಮಾಸ್ತರರನ್ನು ಊರು ಬಿಡಲು ಕೊಡುವುದಿಲ್ಲವೆಂದು ಹಿರಿಯರಿಂದ ಆಣೆ ಹಾಕಿಸಿದ. ತನ್ನ ಮನೆಯ ಸುದ್ದಿ ಹೋದದ್ದು ಹೋಯಿತು, ಇನ್ನು ನೆರೆಮನೆಯದನ್ನು ಬಿಡುವುದುಂಟೇ?

ಸಾಹೇಬರು ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು. “ನೋಡ್ರಿ ಕರಬಸಪ್ಪ, ಎಂಥಾ ಪ್ರೀತಿ! ನಿಮ್ಮನ್ನ ಇಲ್ಲಿಂದ ಕಿತ್ರ ನನಗ ಪಾಪ ಬರ್ತೇತಿ. ನಾ ಇರೋತನಕ ನಿಮ್ಮನ್ನ ಯಾರೂ ಅಲಗಾಡಸಂಗಿಲ್ಲ.” ಆಮೇಲೆ ಗೋಡೆಗೆ ಒರಗಿ ತೂಕಡಿಸುತ್ತಿದ್ದ ಹಿರಿಯ ಮಾಸ್ತರರ ಕಡೆ ತಿರುಗಿದರು. “ಪರಮೇಶ್ವರಪ್ಪಾರ, ಹಿರೇಕೆರೂರಿಗೆ ನೀವು ನಡೀರಿ. ನೀವು ಹ್ವಾದ್ರ ಇಲ್ಲಿ ಯಾರಿಗೂ ಗೊತ್ತಾಗಂಗಿಲ್ಲ.”

ಸಾಹೇಬರ ಸೈಕಲ್ಲು ಮರೆಯಾದ ಮೇಲೆ ಪರಮೇಶ್ವರಪ್ಪನವರು ಎರಡೂ ಕಣ್ಣು ತೆರೆದು, ಒಂದು ಹಾಳೆ, ಒಂದು ಟಾಕು ಹಿಡಿದುಕೊಂಡು ಕರಬಸಪ್ಪ ಮಾಸ್ತರರ ಬಳಿ ಬಂದರು.

“ಅಲ್ಲಿ ಬಾಡಿಗಿ ಮನಿ ಸಿಗೋದು ಕಷ್ಟಂತೋ. ನಿನ್ನ ಮಾವ, ಅಳಿಯಾ ಬರ್ತಾನಂತ ಎರಡು ಖೋಲಿ ಸುಣ್ಣಾ ಹಚ್ಚಿಸಿ ಇಟ್ಟಾರಂತಲ್ಲ. ಅವನ್ನ ನನಗ ಕೊಡ್ರಿ ಅಂತ ಒಂದು ಚೀಟಿ ಬರದ ಕೊಡು.”