ಮನೆ ಕಟ್ಟಿಕೊಟ್ಟವನಿಗೆ ಆಯೇರಿ

ಹೊಸ ಮನೆ ಕಟ್ಟಿಸಿದವನಿಗೆ ಸಿಟ್ಟು ಬರಲು ಬೇರೆ ಕಾರಣ ಬೇಕಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆಯಲು ಹೋದರೆ ಸಾಕು. ಸಿಮೆಂಟಿಗೆ ಪರ್ಮಿಟ್ ಬೇಕಾಗಿದ್ದ ಎಪ್ಪತ್ತರ ದಶಕದಲ್ಲಿ ನಾನು ಬೆಳಗಾವಿಯಲ್ಲಿ ಮನೆ ಕಟ್ಟಿಸಿದೆ. ನನ್ನ ಮಾಸ್ತರಿಕೆ ಖಾನಾಪುರದಲ್ಲಿ. ಗುತ್ತಿಗೆದಾರನೂ ಖಾನಾಪುರದವನೇ, ಕಣ್ಣೆದುರಿಗೆ ಇರುತ್ತಾನೆ ಎಂಬ ಧೈರ್ಯದಿಂದ ಕೆಲಸ ಒಪ್ಪಿಸಿದ್ದೆ. ಮದುವೆಯಾದ ಮಗಳು ಇವತ್ತಲ್ಲ ನಾಳೆ ಚೊಚ್ಚಲ ಬಾಣಂತನಕ್ಕೆ ಬರುವವಳಿದ್ದಳು. ಆಕೆಗೊಂದು ಬೆಚ್ಚನೆಯ ಕೋಣೆ ಬೇಕಿತ್ತು, ಅಷ್ಟೇ. ಅರಮನೆಯನ್ನೇನೂ ಕೇಳಿರಲಿಲ್ಲ.

೧. ಬಾಗಿಲು

ದೀಪಾವಳಿಗೆ ಗೃಹಪ್ರವೇಶ. ಒಂದು ಸಣ್ಣ ಹಿಂಗಾರಿ ಮಳೆಗೇ ಮುಂಬಾಗಿಲು ಉಬ್ಬಿ ಕಚ್ಚಿಕೊಂಡಿತು. ಹಿತ್ತಲಿನಿಂದ ಸುತ್ತಿ ಬಂದು, ಹೊರಗೆ ನಿಂತು ಒದ್ದು ತೆಗೆಯಬೇಕು.

"ಕಟಗಿ ಹಸಿ ಐತ್ರಿ ಸರ. ಬ್ಯಾಸಗಿ ಬರ್ಲಿ, ತಾನ ಸರಿ ಆಗ್ತೈತಿ," ಅಂದ ಗುತ್ತಿಗೆದಾರ.

ಬೇಸಿಗೆ ಬಂತು. ಬಾಗಿಲು ಎಷ್ಟು ಒಣಗಿತೆಂದರೆ, ಚಿಲಕ ಹಾಕಿದ್ದರೂ ಬೆಕ್ಕು ಸಂದಿಯಿಂದ ಬಂದು ಹಾಲು ಕುಡಿದು ಹೋಯಿತು. ಕರೆಸಿ ತೋರಿಸಿದೆ.

"ಗಾಳಿ ಬೆಳಕು ಚಲೋ ಇರಬೇಕು ಅಂತ ನೀವ ಹೇಳಿದ್ರಲ್ರೀ?"

೨. ಬಚ್ಚಲು

ಬಚ್ಚಲ ನೀರು ಮೋರಿಗೆ ಹೋಗದೆ ಅಡುಗೆಮನೆಗೆ ಬರುತ್ತಿತ್ತು. ಹೆಂಡತಿ ಹೊಸ್ತಿಲಿಗೆ ಗೋಣಿಚೀಲ ಒಡ್ಡಿ ರೊಟ್ಟಿ ಬಡಿಯುತ್ತಿದ್ದಳು. ಗುತ್ತಿಗೆದಾರ ನಂಬಲಿಲ್ಲ. ತಾನೇ ಒಂದು ತಂಬಿಗೆ ನೀರು ಸುರಿದು ನಿಂತ. ನೀರು ಮೋರಿಗೆ ಬೆನ್ನು ತಿರುಗಿಸಿ, ನೆಟ್ಟಗೆ ಬಂದು ಅವನ ಪಾದ ತೊಳೆಯಿತು.

"ಹೊಸ ಮನಿ ನೋಡ್ರಿ, ನೀರಿಗೆ ಇನ್ನೂ ರೂಢಿ ಆಗಿಲ್ಲ," ಅಂದ.

ತಂಬಿಗೆ ನನ್ನ ಕೈಯಲ್ಲಿರಲಿಲ್ಲ, ಅವನ ಪುಣ್ಯ.

೩. ಗೋಡೆ

ಮಗಳ ಕೋಣೆಯ ಗೋಡೆ ಬಿರುಕು ಬಿಟ್ಟಿತು. ಮೊದಲು ಅದರ ಮೇಲೆ ಒಂದು ಕ್ಯಾಲೆಂಡರ್ ಹಾಕಿದೆವು. ಬಿರುಕು ಬೆಳೆದ ಹಾಗೆ ಕ್ಯಾಲೆಂಡರುಗಳೂ ಹೆಚ್ಚಾದವು. ಬಂದವರು ನಮ್ಮನ್ನು ಕ್ಯಾಲೆಂಡರ್ ವ್ಯಾಪಾರಿಗಳು ಎಂದುಕೊಂಡಿರಬೇಕು.

"ಬಿರುಕು ಗೋಡಿದ್ದಲ್ರೀ, ಬರೇ ಮ್ಯಾಲೆ ಬಳದ ಗಿಲಾವಿಂದು," ಅಂದ ಗುತ್ತಿಗೆದಾರ.

ಹೆಂಡತಿ ಹೊರಗೆ ಹೋಗಿ ಕಸಬರಿಗೆಯ ಕಡ್ಡಿ ತೂರಿಸಿದಳು. ಅದು ಒಳಗೆ ನಿಂತಿದ್ದವನ ಮೂಗಿನ ಮುಂದೆ ಬಂತು.

ಅವನು ಕಡ್ಡಿ ನೋಡಿದ, ನನ್ನನ್ನು ನೋಡಿದ. "ಗಿಲಾವು ಭಾಳ ದಪ್ಪ ಹಾಕೇವ್ರಿ ಸರ."

೪. ಮಾಳಿಗೆ

ಮೃಗಶಿರಾ ಮಳೆಗೆ ಅದೇ ಕೋಣೆಯ ಮಾಳಿಗೆ ಸೋರತೊಡಗಿತು, ಅದೂ ಬಾಣಂತಿಯ ಮಂಚ ಹಾಕಬೇಕಾದ ಜಾಗದಲ್ಲೇ. ದಿನಾ ಶಾಲೆ ಬಿಟ್ಟ ಮೇಲೆ ಗುತ್ತಿಗೆದಾರನ ಮನೆಗೆ ಹೋಗುತ್ತಿದ್ದೆ. ಅವನ ಚಪ್ಪಲಿ ಬಾಗಿಲಲ್ಲೇ ಇರುತ್ತಿದ್ದವು. "ಜಾಂಬೋಟಿಗೆ ಹೋಗ್ಯಾನ್ರಿ," ಎಂಬ ಉತ್ತರ ಒಳಗಿನಿಂದ ಬರುತ್ತಿತ್ತು, ಅದೂ ಅವನದೇ ದನಿಯಲ್ಲಿ!

ನನ್ನ ಹೆಂಡತಿ, "ಬೈದು ಕರದ್ರ ಬರಂಗಿಲ್ಲ. ಗೃಹಪ್ರವೇಶದಾಗ ಆಯೇರಿ ಮಾಡೂದು ಉಳದೈತಿ, ಗಂಡ ಹೆಂಡತಿ ಇಬ್ಬರೂ ಬರ್ರಿ ಅಂತ ಹೇಳ್ರಿ," ಅಂದಳು.

ಬಟ್ಟೆಬರೆ ಕೊಟ್ಟು ಮಾಡುವ ಮರ್ಯಾದೆ ಯಾರಿಗೆ ಬೇಡ? ಇಸ್ತ್ರಿ ಅಂಗಿ ತೊಟ್ಟು, ಹೆಂಡತಿಯೊಂದಿಗೆ ಸುರಿಯುವ ಮಳೆಯಲ್ಲೇ ಬಂದ. ಸೋರುವ ಜಾಗಕ್ಕೆ ಸರಿಯಾಗಿ ಎರಡು ಮಣೆ ಹಾಕಿದ್ದೆವು. ಅವನಿಗೆ ಹೊಸ ರುಮಾಲು ಸುತ್ತಿದೆ. ಆರತಿ ಆಗುವ ತನಕ ಮಣೆಯಿಂದ ಏಳುವಂತಿಲ್ಲ. ನನ್ನ ಹೆಂಡತಿ ಓಣಿಯ ಹೆಂಗಸರನ್ನು ಸೇರಿಸಿಕೊಂಡು, ತನಗೆ ಬರುವ ಆರತಿ ಹಾಡುಗಳನ್ನೆಲ್ಲ ನಿಧಾನಕ್ಕೆ ಹಾಡಿದಳು. ರುಮಾಲು ನೆನೆಯಿತು. ಅವನ ಹೆಂಡತಿಯ ರೇಷ್ಮೆ ಸೀರೆ ನೆನೆಯಿತು. ಆರತಿಯೂ ಚುಂಯ್ ಎಂದು ಆರಿತು.

ಗುತ್ತಿಗೆದಾರ ಮುಖ ಒರೆಸಿಕೊಂಡ. "ಹೊಸ ಮನಿ ಅಂದ್ರ ಸ್ವಲ್ಪ ಸೋರೂದ್ರಿ ಸರ. ಎಲ್ಲಾರ ಮನಿನೂ ಸೋರತಾವು."

ಸೆರಗು ಹಿಂಡುತ್ತಿದ್ದ ಅವನ ಹೆಂಡತಿ ರೇಗಿದಳು. "ನಮ್ಮದೆಲ್ಲಿ ಸೋರತೈತ್ರಿ? ಒಂದ ಹನಿ ಬಿದ್ದಿಲ್ಲ!"

"ಅದನ್ನೂ ಇವರ ಕಟ್ಟ್ಯಾರೇನವಾ?" ನನ್ನ ಹೆಂಡತಿ ಕೇಳಿದಳು.

"ಇಲ್ರೀ ಅಕ್ಕಾರ. ನಂದಗಡದ ಗೌಂಡಿ ಕಡಿಂದ ಕಟ್ಟಿಸ್ಯಾರ. ಅದು ನಾವ ಇರೂ ಮನಿ ನೋಡ್ರಿ!"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮಗಳು ಬರುವ ದಿನ ಹತ್ತಿರವಿತ್ತು. ಅವನನ್ನು ಬಯ್ಯುವುದು ಬಿಟ್ಟು, ನಂದಗಡದ ಬಸ್ಸು ಎಷ್ಟು ಹೊತ್ತಿಗೆ ಎಂದು ಅವನ ಹೆಂಡತಿಯನ್ನೇ ಕೇಳಿದೆ.