ಕರಡಿ ತಿದ್ದುವ ಕೆಲಸ

ತಪ್ಪು ಕಂಡರೆ ನನಗೆ ಕೈ ತುರಿಸುತ್ತದೆ. ಇದು ಚಟವಲ್ಲ, ವೃತ್ತಿ. ಮೂವತ್ತು ವರ್ಷ ಒಂದೇ ಮುದ್ರಣಾಲಯದ ಒಂದೇ ಕುರ್ಚಿಯಲ್ಲಿ ಕುಳಿತು, ಪುಸ್ತಕ ಅಚ್ಚಿಗೆ ಹೋಗುವ ಮೊದಲು ಕರಡು ಪ್ರತಿಯ ತಪ್ಪುಗಳನ್ನು ತಿದ್ದಿದವನು ನಾನು. ದೀರ್ಘ ಬಿಟ್ಟವರಿಗೆ ದೀರ್ಘ ಕೊಟ್ಟೆ, ಒತ್ತು ಮರೆತವರಿಗೆ ಒತ್ತು ಕೊಟ್ಟೆ. ಎರಡು ತಿಂಗಳ ಹಿಂದೆ ಯಜಮಾನರು ನನಗೇ ಪೂರ್ಣವಿರಾಮ ಕೊಟ್ಟರು. ತಪ್ಪು ತಿದ್ದುವ ಹೊಸ ಯಂತ್ರ ಬಂದಿದೆಯಂತೆ. (ಆ ಯಂತ್ರ ಮೊದಲ ವಾರವೇ ಒಂದು ಮದುವೆಯ ಆಮಂತ್ರಣದಲ್ಲಿ ವಧುವನ್ನು ವಧೆ ಮಾಡಿತು. ಆದರೂ ಅದರ ಕೆಲಸಕ್ಕೆ ಸಂಚಕಾರ ಬರಲಿಲ್ಲ.)

ನನ್ನ ಹೆಂಡತಿ ಒಂದು ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನ ಹಿಂದೆ ಕೂರುತ್ತಾಳೆ. ಫೋನ್ ಎತ್ತುವುದು, ಮೇಲ್ ನೋಡುವುದು, ಹೆದರಿ ಬಾಗಿಲ ಹತ್ತಿರವೇ ನಿಂತವರನ್ನು ಮಾತಿನಲ್ಲೇ ಮರುಳು ಮಾಡಿ ವೈದ್ಯರ ಕುರ್ಚಿಯವರೆಗೆ ಸಾಗಿಸುವುದು ಅವಳ ಕೆಲಸ. ಕೆಲಸ ಹೋದ ಮೇಲೆ ನಾನು, ನಮ್ಮ ಜೊತೆಗೇ ಇರುವ ಅವಳ ಅಮ್ಮನ, ಅಂದರೆ ನನ್ನ ಅತ್ತೆಯ, ಪಕ್ಕದ ಕುರ್ಚಿಯಲ್ಲಿ ಕುಳಿತು ಅಡುಗೆಮನೆಯ ಡಬ್ಬಿಗಳ ಮೇಲಿನ ತಪ್ಪುಗಳನ್ನು ತಿದ್ದುತ್ತಿದ್ದುದನ್ನು ಅವಳು ಮೂರು ವಾರ ಸಹಿಸಿಕೊಂಡಳು. ನಾಲ್ಕನೆಯ ವಾರ ನನಗೊಂದು ಮೇಲ್ ವಿಳಾಸ ಮಾಡಿಕೊಟ್ಟಳು.

"ಅಂಚೇಲಿ ಅರ್ಜಿ ಹಾಕಿದ್ರೆ ಈಗ ಯಾರೂ ಒಡೆದು ಕೂಡ ನೋಡಲ್ಲ ರೀ. ಇದರಲ್ಲಿ ಹಾಕಿ."

ಹನ್ನೊಂದು ಪ್ರಕಾಶಕರಿಗೆ ಅರ್ಜಿ ಹಾಕಿದೆ. ಅವರಲ್ಲಿ ಒಬ್ಬರೂ ಉತ್ತರಿಸಲಿಲ್ಲ. ಅರ್ಜಿಯನ್ನೇ ಹಾಕದವರು ಮಾತ್ರ ಧಾರಾಳವಾಗಿ ಬರೆಯತೊಡಗಿದರು. ಒಬ್ಬ ನನ್ನ ತಲೆಯಲ್ಲಿ ಕೂದಲು ಬೆಳೆಸುತ್ತೇನೆ ಎಂದ. (ನನ್ನ ತಲೆಯ ಸಂಗತಿ ಅವನಿಗೆ ಯಾರು ಹೇಳಿದರೋ.) ಇನ್ನೊಬ್ಬ ನನಗೆ "ಬಹು ಮಾನ" ಬಂದಿದೆಯೆಂದು "ಆರ್ಥಿಕ ಶುಭಾಶಯ" ಕೋರಿದ. ನಾನು ದಿನಾ ಬೆಳಿಗ್ಗೆ ಇವನ್ನೆಲ್ಲ ಅತ್ತೆಗೆ ಓದಿ ಹೇಳುತ್ತಿದ್ದೆ. ಅವರು ಕಾಫಿ ಹೀರುತ್ತಾ, "ಪರವಾಗಿಲ್ಲ ಅಳಿಯಂದ್ರೇ, ಹೊರಗಿನೋರಿಗಾದ್ರೂ ನಿಮ್ಮ ಮೇಲೆ ಎಷ್ಟು ಅಕ್ಕರೆ," ಎನ್ನುತ್ತಿದ್ದರು.

ಒಂದು ದಿನ ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ಬರೆದಿದ್ದರು: "ಪ್ರೀಯ ಗ್ರಹಕರೇ, ನಿಮ್ಮ ಕಾತೆಯನ್ನು ಮುಚಲಾಗುವದು." ಒಂದೇ ಸಾಲಿನಲ್ಲಿ ಐದು ತಪ್ಪು. ಖಾತೆ ಮುಚ್ಚಿದರೆ ಮುಚ್ಚಲಿ, ಆದರೆ ನನ್ನನ್ನು ಗ್ರಹ ಹಿಡಿದವನಂತೆ ಗ್ರಹಕ ಎನ್ನುವುದೆಂದರೇನು? ಐದನ್ನೂ ತಿದ್ದಿ, ಪ್ರತಿಯೊಂದಕ್ಕೂ ವ್ಯಾಕರಣದ ಕಾರಣ ಕೊಟ್ಟು, "ಮುಂದೆ ಎಚ್ಚರ ವಹಿಸುವುದು" ಎಂದು ಬರೆದು ಅವರಿಗೇ ಮರಳಿ ಕಳಿಸಿದೆ.

ಮರುದಿನ ನಲವತ್ತು ಮೇಲ್ ಬಂದವು. ಅದರ ಮರುದಿನ ತೊಂಬತ್ತು.

"ನೀವೇನಾದ್ರೂ ಉತ್ತರ ಕೊಟ್ರಾ?" ಹೆಂಡತಿ ಕೇಳಿದಳು.

"ಉತ್ತರ ಅಲ್ಲ ಕಣೇ, ತಿದ್ದುಪಡಿ."

ಅವಳು ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತಳು. ಹಲ್ಲು ನೋವಿನವರ ಎದುರೂ ಹೀಗೇ ಕೂರುತ್ತಾಳೆಂದು ಕಾಣುತ್ತದೆ.

"ನೋಡಿ, ಇವರು ಕಣ್ಣು ಮುಚ್ಕೊಂಡು ಸಾವಿರ ಮನೆ ಬಾಗಿಲು ತಟ್ತಾರೆ. ಯಾವ ಮನೆ ಒಳಗಿಂದ ಯಾರಾದ್ರೂ ಕೆಮ್ಮಿದ್ದು ಕೇಳುತ್ತೋ ಅಲ್ಲೇ ಬಂದು ಠಿಕಾಣಿ ಹೂಡ್ತಾರೆ. ನೀವು ಕೆಮ್ಮಿದ್ದಲ್ಲ, ಬಾಗಿಲು ತೆಗೆದು ಪಾಠ ಮಾಡಿದ್ದೀರಿ."

ಆಮೇಲೆ ನನಗೆ ಕಟ್ಟುನಿಟ್ಟಿನ ಆಜ್ಞೆಗಳು ಹೊರಟವು. ಉತ್ತರ ಬರೆಯಕೂಡದು. ಮೇಲ್ ಒಳಗೆ "ಇಲ್ಲಿ ಒತ್ತಿ" ಎಂದು ಎಷ್ಟೇ ಅಂಗಲಾಚಿದರೂ ಒತ್ತಕೂಡದು. ಯಾರು ಕೇಳಿದರೂ ಪಾಸ್‌ವರ್ಡ್ ಹೇಳಕೂಡದು. ಸ್ಪ್ಯಾಮ್ ಎಂಬ ಗುಂಡಿಯೊಂದನ್ನು ಮಾತ್ರ ಒತ್ತಬಹುದು. ಒತ್ತಿದರೆ ಆ ವಿಳಾಸದ ಕಸವೆಲ್ಲ ಮುಂದೆ ತಾನಾಗಿಯೇ ಬೇರೆ ಬುಟ್ಟಿಗೆ ಹೋಗುತ್ತದೆ.

ಇದಕ್ಕೆ ನಾನು ನನ್ನದೇ ಒಂದು ಮಹಾಸಂಶೋಧನೆಯನ್ನು ಸೇರಿಸಿದೆ. ತಪ್ಪಿದ್ದರೆ ಕಸ, ತಪ್ಪಿಲ್ಲದಿದ್ದರೆ ಪತ್ರ. ಮೂವತ್ತು ವರ್ಷದ ವಿದ್ಯೆಗೆ ಕೊನೆಗೂ ಕೆಲಸ ಸಿಕ್ಕಿತ್ತು. ಒಂದು ವಾರದಲ್ಲಿ ಮೇಲ್ ಪೆಟ್ಟಿಗೆ ಗುಡಿಸಿ ಒರೆಸಿದಂತಾಯಿತು. ಕೆಳಮನೆಯ ನಿವೃತ್ತ ಬಸ್ ಚಾಲಕರು ಮೆಟ್ಟಿಲ ಮೇಲೆ ಸಿಕ್ಕಾಗ ಅವರಿಗೂ ಈ ಸಿದ್ಧಾಂತವನ್ನು ಉಪದೇಶಿಸಿದೆ. ಈಗ ಅವರು ನನ್ನನ್ನು ಕಂಡರೆ ಲಿಫ್ಟಿನಲ್ಲಿ ಹೋಗುತ್ತಾರೆ.

ಸೋಮವಾರ ಬಂದ ಒಂದು ಮೇಲ್ ಈ ಎಲ್ಲ ಕಸದಲ್ಲೂ ರತ್ನಪ್ರಾಯವಾಗಿತ್ತು: "ನಮ್ಮ ಸಂಸ್ತೆಯಲ್ಲಿ ಕರಡಿ ತಿದ್ದುವ ಕೆಲಸಕ್ಕೆ ನಿಮ್ಮ ಹರ್ಜಿ ತಲುಪಿದೆ. ಶುಕ್ರವಾರ ಹನ್ನೊಂದು ಗಂಟೆಗೆ ಬೇಟೆಗೆ ಬರುವದು." ಅದರ ಕೆಳಗೆ ಇಂಥದೇ ಹತ್ತು ಸಾಲುಗಳಿದ್ದವು.

ಅತ್ತೆ ಕಾಫಿಯ ಲೋಟವನ್ನು ಕೆಳಗಿಟ್ಟರು. "ತಿದ್ದಿ ಆದ ಮೇಲೆ ಯಾಕೆ ಬೇಟೆ ಆಡೋದು, ಪಾಪ? ಬುದ್ಧಿ ಬಂದಿರುತ್ತಲ್ಲ ಅದಕ್ಕೆ."

ಸ್ಪ್ಯಾಮ್ ಗುಂಡಿ ಒತ್ತಿದೆ. ಉತ್ತರ ಬರೆಯುವಂತಿಲ್ಲ, ತಿದ್ದದೆ ಇರಲಾಗುವುದಿಲ್ಲ. ಆದ್ದರಿಂದ ಮನೆಯ ಹಳೆಯ ಪ್ರಿಂಟರಿನಲ್ಲಿ ಅದನ್ನು ಕಾಗದಕ್ಕಿಳಿಸಿ, ಕೆಂಪು ಶಾಯಿಯಲ್ಲಿ ಇಪ್ಪತ್ತಮೂರು ತಪ್ಪು ತಿದ್ದಿ, ಕೊನೆಯಲ್ಲಿ "ಬರೆದವರನ್ನು ಮತ್ತೆ ಒಂದನೇ ತರಗತಿಗೆ ಸೇರಿಸುವುದು ಒಳ್ಳೆಯದು" ಎಂದು ಷರಾ ಬರೆದು, ನನ್ನ ಚೀಲದಲ್ಲಿ ಇಟ್ಟುಕೊಂಡೆ.

ಗುರುವಾರ ಸಂಜೆ ಊಟಕ್ಕೆ ಕುಳಿತಾಗ ಹೆಂಡತಿಗೆ ಈ ಕರಡಿಯ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಎರಡನೇ ಸಲ ಕೇಳುತ್ತಿದ್ದರೂ ಅತ್ತೆ ನಕ್ಕರು. ಹೆಂಡತಿ ನಗಲಿಲ್ಲ.

"ಕೆಳಗೆ ಯಾರ ಹೆಸರಿತ್ತು?"

"ಯಾವುದೋ ಮಕ್ಕಳ ಪುಸ್ತಕದವರ ಹೆಸರು ಹಾಕ್ಕೊಂಡಿದ್ರು."

"ನೀವು ಅರ್ಜಿ ಹಾಕಿದ ಹನ್ನೊಂದರಲ್ಲಿ ಮಕ್ಕಳ ಪುಸ್ತಕದೋರು ಒಬ್ಬರಿದ್ರಲ್ಲ?"

ಇದ್ದರು. ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತು. "ಆದ್ರೆ ಕಣೇ, ಅಷ್ಟೊಂದು ತಪ್ಪು..."

"ತಪ್ಪಿಲ್ದೆ ಬರೆಯೋಕೆ ಬಂದಿದ್ರೆ ನಿಮ್ಮನ್ನ ಯಾಕ್ರೀ ಕರೀತಿದ್ರು?"

ಒಂದು ತಿಂಗಳಿಂದ ನಾನು ದಿನಕ್ಕೆ ಹತ್ತು ಸಲ ಆ ಪೆಟ್ಟಿಗೆ ತೆರೆಯುತ್ತಿದ್ದುದು ಇಂಥ ಒಂದು ಪತ್ರಕ್ಕಾಗಿಯೇ. ಅದು ಬಂದ ದಿನ ನಾನೇ ಕಸಕ್ಕೆ ಎಸೆದಿದ್ದೆ. ಭೇಟಿಗೆ ಇನ್ನು ಉಳಿದಿದ್ದುದು ಒಂದು ರಾತ್ರಿ. ಚೀಲದಿಂದ ಕಾಗದ ತೆಗೆದು, ಅದರಲ್ಲಿದ್ದ ಫೋನ್ ನಂಬರ್ ಒತ್ತಲು ಹೊರಟೆ. ಹೆಂಡತಿ ಕೈ ಹಿಡಿದಳು.

"ತಡೀರಿ. ನಿಜಾನೋ ಸುಳ್ಳೋ ಇನ್ನೂ ಗೊತ್ತಿಲ್ಲ. ಸುಳ್ಳು ಪತ್ರ ಬರೆದೋನು ನಂಬರ್ ಮಾತ್ರ ನಿಜದ್ದು ಕೊಡ್ತಾನಾ? ನಮ್ಮ ಆಸ್ಪತ್ರೇಲಿ ಮಕ್ಕಳು ಕಾಯೋ ಜಾಗದಲ್ಲಿ ಇವರ ಪುಸ್ತಕಗಳಿವೆ. ಹಿಂದಿನ ಹೊದಿಕೆ ಮೇಲೆ ಅವರದೇ ನಂಬರ್ ಇರುತ್ತೆ. ಬೆಳಿಗ್ಗೆ ಅದಕ್ಕೆ ಮಾಡ್ತೀನಿ."

ಬೆಳಿಗ್ಗೆ ಎಂಟಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಫೋನಿನ ಮುಂದೆ ಕುಳಿತೆ. ಅತ್ತೆ ಎರಡು ಸಲ ಕಾಫಿ ಕೊಟ್ಟರು, ಒಮ್ಮೆಯೂ ಕರಡಿಯ ಮಾತೆತ್ತಲಿಲ್ಲ. ಒಂಬತ್ತೂವರೆಗೆ ಫೋನ್ ಬಂತು.

"ಹೊರಡಿ," ಎಂದಳು ಹೆಂಡತಿ. "ನಿಜಾನೇ. ನಿಮಗೋಸ್ಕರ ಕಾಯ್ತಿದ್ದಾರಂತೆ."

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡನೇ ಮಹಡಿ. ಕಿಟಕಿಯವರೆಗೂ ಪುಸ್ತಕದ ಕಟ್ಟುಗಳು. ಅವುಗಳ ನಡುವೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ತುಂಬ ಹುಡುಕುತ್ತಿದ್ದ ಹಿರಿಯ ಮಹಿಳೆಯೊಬ್ಬರು ಸಂಸ್ಥೆಯ ಒಡತಿ.

"ನಮ್ಮ ಪತ್ರ ತಂದಿದ್ದೀರಾ?" ಎಂದು ಕೈ ಚಾಚಿದರು.

ಚೀಲಕ್ಕೆ ಕೈ ಹಾಕಿ ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಕೆಂಪು ಶಾಯಿಯ ನೆನಪು ಬಂತು. ಅಷ್ಟರಲ್ಲಿ ಅವರಿಗೆ ಕನ್ನಡಕ ಸಿಕ್ಕಿತ್ತು. ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಕೊನೆಯ ಷರಾದ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು. ನಾನು ಮೆಟ್ಟಿಲು ಎಷ್ಟು ದೂರವಿದೆಯೆಂದು ನೋಡಿಕೊಂಡೆ.

"ಟೈಪ್ ಮಾಡೋರು ಕೆಲಸ ಬಿಟ್ಟುಹೋದ್ರು, ನಾನೇ ಎರಡು ಬೆರಳಲ್ಲಿ ಕುಟ್ಟಿದ್ದು," ಎಂದರು. "ಅಲ್ಲಾ, ಈ ವಯಸ್ಸಿಗೆ ಒಂದನೇ ತರಗತೀಲಿ ನನಗೆ ಸೀಟು ಕೊಡ್ತಾರಾ?"

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ನಗುತ್ತಿದ್ದರು.

"ಇದೇ ನಿಮ್ಮ ಪರೀಕ್ಷೆ ಅಂದ್ಕೊಳ್ಳಿ, ಪಾಸಾದ್ರಿ. ನಾನೂ ಯಂತ್ರಕ್ಕೆ ಕೊಟ್ಟು ನೋಡಿದೆ. ಆದ್ರೆ ಇದನ್ನ ಓದೋದು ಮಕ್ಕಳು. ನಾವು ತಪ್ಪು ಅಚ್ಚು ಹಾಕಿದ್ರೆ ಅವರು ಜೀವಮಾನ ಪೂರ್ತಿ ಹಾಗೇ ಬರೀತಾರೆ. ತಪ್ಪು ಕಂಡ್ರೆ ಸಿಟ್ಟು ಬರೋ ಮನುಷ್ಯರೇ ಬೇಕು ನನಗೆ. ಸೋಮವಾರದಿಂದ ಬನ್ನಿ. ನೇಮಕದ ಪತ್ರ ಮಾತ್ರ ನೀವೇ ಬರ್ಕೊಳ್ಳಿ. ನಾನು ಬರೆದ್ರೆ ನಿಮ್ಮನ್ನ ಮತ್ತೆ ಕಾಡಿಗೆ ಕಳಿಸ್ತೀನಿ."

ಅಲ್ಲೇ ಕುಳಿತು ಟೈಪ್ ಮಾಡಿದೆ. ಸಂತೋಷಕ್ಕೆ ಬೆರಳುಗಳು ಕಣ್ಣಿಗಿಂತ ಮುಂದೆ ಓಡುತ್ತಿದ್ದವು. ಅವರು ಓದದೆಯೇ ನನ್ನ ವಿಳಾಸಕ್ಕೆ ಕಳಿಸಿದರು.

ಸಂಜೆ ಹೆಂಡತಿ ಬಂದವಳೇ ಚಪ್ಪಲಿ ಬಿಡುವ ಮೊದಲೇ "ಪತ್ರ ತೋರಿಸಿ" ಎಂದಳು. ಪೆಟ್ಟಿಗೆ ತೆರೆದೆ, ಪತ್ರವಿಲ್ಲ. ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಕಸದ ಬುಟ್ಟಿ ತೆರೆದಳು. ಸೋಮವಾರ ನಾನೇ ಆ ವಿಳಾಸವನ್ನು ಸ್ಪ್ಯಾಮ್ ಎಂದು ಸಾರಿದ್ದೆನಲ್ಲ, ನನ್ನ ನೇಮಕದ ಪತ್ರ ಕೂದಲು ಬೆಳೆಸುವವನ ಪಕ್ಕದಲ್ಲಿ ಬಿದ್ದಿತ್ತು. "ಇದು ಸ್ಪ್ಯಾಮ್ ಅಲ್ಲ" ಎಂಬ ಇನ್ನೊಂದು ಗುಂಡಿಯೂ ಇದೆಯೆಂದು ಆಗ ತಿಳಿಯಿತು. ಅವಳು ಅದನ್ನು ಒತ್ತಿ, ಪತ್ರವನ್ನು ಅಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು.

"ಇದನ್ನ ನೀವೇ ಬರೆದದ್ದಾ?"

"ಅಕ್ಷರ ಅಕ್ಷರವೂ."

"'ಮೂವತ್ತು ವರ್ಷಗಳ ಅನುಭಾವಿಯಾದ ಇವರನ್ನು...' ಅನುಭವಿ ಅಲ್ಲ, ಅನುಭಾವಿ. ಇಪ್ಪತ್ತಾರು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೀನಿ, ನೀವು ಇಂಥೋರು ಅಂತ ಗೊತ್ತೇ ಆಗಲಿಲ್ಲ ನೋಡಿ."

ಇಣುಕಿ ನೋಡಿದೆ. ನಿಜ, ಒಂದು ದೀರ್ಘ ಹೆಚ್ಚಾಗಿತ್ತು.

"ಅನುಭಾವಿ ಅಂದ್ರೇನೇ?" ಅತ್ತೆ ಕೇಳಿದರು.

"ಮನೆ ಮಠ, ಸಂಸಾರದ ಚಿಂತೆ ಎಲ್ಲಾ ಬಿಟ್ಟು ಬೇರೆ ಲೋಕದಲ್ಲಿ ಇರೋರು ಅಮ್ಮ."

ಅತ್ತೆ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಸರಿಯಾಗೇ ಬರೆದಿದ್ದಾರಲ್ಲ," ಎಂದರು, "ಇದರಲ್ಲಿ ತಪ್ಪೇನು?"