ಒಂದೇ ಉಸಿರಿನ ರಮ್ಮಿ

ನನ್ನ ಭಾವನವರು ಯಾವ ಇಸ್ಪೀಟಾಟವನ್ನೂ ಒಂದೇ ನಿಯಮದಿಂದ ಎರಡು ಸಲ ಆಡಿದವರಲ್ಲ. ಇದನ್ನು ದೂರು ಎಂದು ತಿಳಿಯಬೇಡಿ. ಅವರ ಎದುರಿಗೇ ಹೇಳಿ ನೋಡಿ, ಶಾಲು ಹೊದಿಸಿಕೊಂಡವರಂತೆ ಬೀಗುತ್ತಾರೆ! ಲೋಕದ ಆಟಗಳೆಲ್ಲ ಅರೆಬೆಂದ ಸ್ಥಿತಿಯಲ್ಲಿಯೇ ಮಲೇಷ್ಯಾದ ಪುಚೊಂಗಿನ ತಮ್ಮ ಮನೆಗೆ ಬಂದು ಸೇರಿವೆ, ಅವನ್ನು ಪೂರ್ತಿ ಬೇಯಿಸಿ ಇಳಿಸುವ ಹೊಣೆ ತಮ್ಮದು ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದಾರೆ.

ನಾನಾದರೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ನಿಯಮವಿರುವುದೇ ದುರ್ಬಲರ ರಕ್ಷಣೆಗಾಗಿ ಎಂಬುದು ನನ್ನ ಅಚಲ ನಿಲುವು. ಸುಬಾಂಗ್ ಜಯಾದಲ್ಲಿ ಪಾಠ ಹೇಳಿಕೊಂಡಿದ್ದವಳು, ಲಾಕ್‌ಡೌನ್ ಘೋಷಣೆಯಾದಾಗ ಎರಡು ವಾರಕ್ಕೆಂದು ಅಕ್ಕನ ಮನೆಗೆ ಬಂದೆ. ಆ ಎರಡು ವಾರಗಳು ಎಲ್ಲಿಯವರೆಗೆ ಹಿಗ್ಗಿದವೆಂದು ನಿಮಗೆ ನಾನು ವಿವರಿಸಬೇಕೆ?

ಮೊದಲು ಅವರ ಸುಧಾರಣೆಗೆ ಸಿಕ್ಕಿದ್ದು ಬಡಪಾಯಿ ಕತ್ತೆ ಆಟ. ಕೊನೆಗೆ ಕೈಯಲ್ಲಿ ಎಲೆ ಉಳಿಸಿಕೊಂಡವರು ಕತ್ತೆ; ಇಷ್ಟು ಸರಳವಾದುದರಲ್ಲಿ ತಿದ್ದಲು ಏನಿದೆ? ಭಾವನವರಿಗೆ ಇತ್ತು. ಕತ್ತೆಯಾದವರು ಅಡುಗೆಮನೆಯಲ್ಲಿ ಕ್ವಾರಂಟೈನ್ ಆಗಿ ಪಾತ್ರೆ ತೊಳೆಯಬೇಕು. ಕತ್ತೆಯ ಎಡಬಲಕ್ಕಿದ್ದವರು ನಿಕಟ ಸಂಪರ್ಕಿತರಾದ್ದರಿಂದ ಅವರೂ ಎದ್ದು ಹೋಗಬೇಕು. ಆಡುತ್ತಿದ್ದವರು ನಾವು ನಾಲ್ಕೇ ಜನ: ಅಕ್ಕ, ಭಾವ, ಅವರ ಮಗಳು, ನಾನು!

"ಅಪ್ಪಾ, ಸೋ ಅನ್‌ಫೇರ್ ಲಾ! ಐ ವಾಸ್ ಜಸ್ಟ್ ಸಿಟ್ಟಿಂಗ್ ದೇರ್!" ಎಂದು ಮಗಳು ಚೀರಿದಳು.

"ಲೋಕದಲ್ಲಿ ನಡೀತಿರೋದೂ ಅದೇ ಅಲ್ವಾ ಪುಟ್ಟಾ? ನಡಿ ನಡಿ, ಸೋಪು ತಗೋ."

ಕೊಠಡಿಯಲ್ಲಿ ಉಳಿದವರು ಭಾವನವರೊಬ್ಬರೇ. ಅವರನ್ನು ವಿಜೇತರೆಂದು ಘೋಷಿಸಲು ಅವರ ಹೊರತು ಅಲ್ಲಿ ಯಾರೂ ಇರಲಿಲ್ಲ. ಅವರೇ ಘೋಷಿಸಿಕೊಂಡರು, ಚಪ್ಪಾಳೆ ಅಡುಗೆಮನೆಗೂ ಕೇಳಿಸಿತು.

ಈ ಅರಾಜಕತೆಯನ್ನು ಕೊನೆಗಾಣಿಸಲೆಂದು ನಾನು ಕುಳಿತು ಹನ್ನೊಂದು ಕಲಮುಗಳ ಕರಡು ಸಂಹಿತೆಯೊಂದನ್ನು ಬರೆದೆ. "ಓದು ಓದು, ಅಷ್ಟರಲ್ಲಿ ಇವರು ಆಟಾನೇ ಬದಲಾಯಿಸಿರ್ತಾರೆ," ಎಂದಳು ಅಕ್ಕ. ಮೂರನೆಯ ಕಲಮಿಗೆ ಬಂದು ತಲೆಯೆತ್ತಿದರೆ ಕತ್ತೆ ಹೋಗಿ ರಮ್ಮಿ ಬಂದಿತ್ತು. ಭಾವನವರು ನನಗೂ ಹದಿಮೂರು ಎಲೆ ಹಾಕಿ ಮುಗಿಸಿದ್ದರು.

ಹೀಗಿರುವಾಗ ಅಕ್ಕನಿಗೆ ಸೋಂಕು ತಗುಲಿತು. ಅವಳು ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ನಮ್ಮ ಮೂವರ ಮಣಿಕಟ್ಟಿಗೆ ಮನೆ ಬಿಟ್ಟು ಹೊರಡಬಾರದೆಂಬ ಗುಲಾಬಿ ಪಟ್ಟಿ ಬಂತು. ಪಕ್ಕದ ಮನೆಯ ತಮಿಳು ಅಕ್ಕ ದಿನವೂ ಸಾಂಬಾರನ್ನವನ್ನು ಪೊಟ್ಟಣ, ಇಲ್ಲಿಯವರ ಮಾತಿನಲ್ಲಿ ತಪಾವ್, ಕಟ್ಟಿ ಗೇಟಿಗೆ ನೇತುಹಾಕಿ ಹೋಗುತ್ತಿದ್ದಳು. ಕ್ಲಿನಿಕ್ಕಿನ ಡಾಕ್ಟರು ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ಅಳೆಯುವ ಮೀಟರೊಂದನ್ನು ಕೊಟ್ಟು, ಅಂಕಿ ಇಳಿದರೆ, ಉಸಿರು ಸಾಲದಾದರೆ ಒಂದು ಗಳಿಗೆಯೂ ತಡಮಾಡದೆ ಫೋನು ಮಾಡಬೇಕೆಂದು ಎಚ್ಚರಿಸಿದ್ದರು.

"ಏನಾದ್ರೂ ಆಗ್ಲಿ, ಆಸ್ಪತ್ರೆಗೆ ಮಾತ್ರ ಹೋಗಲ್ಲ," ಎಂದು ಅಕ್ಕ ಒಳಗಿನಿಂದಲೇ ಸಾರಿದಳು. "ಹೋದವರ ಮುಖ ನೋಡೋಕೂ ಬಿಡಲ್ವಂತೆ."

ಅಂದಿನಿಂದ ಅಂಕಿ ಎಷ್ಟೆಂದು ಯಾವಾಗ ಕೇಳಿದರೂ ಒಳಗಿನಿಂದ ಒಂದೇ ಉತ್ತರ: "ತೊಂಬತ್ತೆಂಟು!" ಫೋಟೋ ಕಳಿಸು ಎಂದರೆ ಫೋನಿನ ಕ್ಯಾಮೆರಾ ಕೆಟ್ಟಿದೆ ಎನ್ನುತ್ತಿದ್ದಳು.

ಎರಡನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಭಾವನವರು ಎರಡು ಕಟ್ಟು ಇಸ್ಪೀಟು ಹಿಡಿದು, ಆ ಕೋಣೆಯ ಹೊರಗೆ ಚಾಪೆ ಹಾಸಿದರು. ನಾನು ದಿಗ್ಭ್ರಾಂತಳಾದೆ. ಹೆಂಡತಿ ಜ್ವರದಲ್ಲಿ ಮಲಗಿರುವಾಗ ರಮ್ಮಿಯೇ? ಅದಕ್ಕೂ ಹೊಸ ನಿಯಮಗಳು! ಅಕ್ಕನ ಎಲೆಗಳನ್ನು ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳುವುದು. ಅವಳು ಬಿಟ್ಟ ಎಲೆಯ ಹೆಸರು ಕೂಗುವುದು. ಅದು ಅಲ್ಲಿಯೇ ಸತ್ತ ಹಾಗೆ, ಹೊರಕ್ಕೆ ಬರುವಂತಿಲ್ಲ. ಎಲ್ಲಕ್ಕಿಂತ ವಿಚಿತ್ರವಾದುದು ಕೊನೆಯದು: ಆಟ ಆರಂಭವಾಗುವ ಮೊದಲು ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ಹದಿಮೂರು ಎಲೆಗಳನ್ನೂ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಹೇಳಬೇಕು.

"ಭಾವಾ, ಕೈಯಲ್ಲಿರೋದನ್ನೆಲ್ಲ ಕೂಗಿ ಹೇಳಿಬಿಟ್ರೆ ರಮ್ಮಿಯಲ್ಲಿ ಉಳಿಯೋದೇನು?"

"ಪಾರದರ್ಶಕತೆ! ನಿನ್ನ ಭಾಷಣದಲ್ಲೆಲ್ಲ ಅದೇ ತಾನೇ ಬರೋದು? ಈಗ ಕೊಟ್ಟರೆ ಬೇಡ ಅಂತೀಯಲ್ಲಮ್ಮಾ!"

ಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ನಾನು ಮಾಸ್ಕು ಸರಿಮಾಡಿಕೊಂಡು ನನ್ನ ಹದಿಮೂರು ಎಲೆಗಳನ್ನು ಎತ್ತಿಕೊಂಡೆ.

ಭಾವನವರು ತಮ್ಮ ಹದಿಮೂರನ್ನೂ ಎಕ್ಸ್‌ಪ್ರೆಸ್ ರೈಲಿನಂತೆ ಓಡಿಸಿದರು. ಮಗಳು ನಗುತ್ತ ನಗುತ್ತ ಮುಟ್ಟಿಸಿದಳು. ಅಕ್ಕ ಹನ್ನೊಂದಕ್ಕೆ ನಿಂತು ಕೆಮ್ಮಿದಳು. "ಮೋಸ! ನಿಮ್ಗೆಲ್ಲ ಡೈಮನ್ ಬಿದ್ದಿದೆ. ನನಗೆ ಬಂದಿರೋದೆಲ್ಲ ಕಳಾವರ್, ಹೆಸರೇ ಉದ್ದ!"

ಮರುದಿನ ಒಂಬತ್ತಕ್ಕೆ ನಿಂತಳು. "ಒಂಬತ್ತೇ ಎಲೆ! ನಾಲ್ಕು ಎಲೆ ದಂಡ!" ಎಂದು ಭಾವನವರು ಗಹಗಹಿಸಿದರು. ನನಗೆ ತಡೆಯಲಾಗಲಿಲ್ಲ. ಸಮಾನರಲ್ಲದವರಿಗೆ ಸಮಾನ ನಿಯಮ ವಿಧಿಸುವುದು ನ್ಯಾಯವಲ್ಲವೆಂದು ಪೀಠಿಕೆ, ಪ್ರತಿಪಾದನೆ, ಉಪಸಂಹಾರಗಳೊಡನೆ ವಾದಿಸಿ, ರೋಗಿಗೆ ಈ ನಿಯಮದಿಂದ ವಿನಾಯಿತಿ ಬೇಡಿದೆ.

"ಕೊಡಲ್ಲ. ನಿಯಮ ಅಂದ್ರೆ ನಿಯಮ."

ಈ ಮಾತು ಭಾವನವರ ಬಾಯಿಂದ! ಜೀವಮಾನದಲ್ಲಿ ಮೊದಲ ಸಲ ಅವರು ಒಂದು ನಿಯಮಕ್ಕೆ ಅಂಟಿಕೊಂಡಿದ್ದರು, ಅದೂ ಅತ್ಯಂತ ಕ್ರೂರವಾದುದಕ್ಕೆ. ಯಾವ ತರ್ಕದಿಂದಲೂ ನನಗೆ ಇದು ಬಿಡಿಸಲಾಗದ ಗಂಟಾಯಿತು.

ಆಟದ ಮೂರನೆಯ ದಿನ ಅಕ್ಕ ಆರು ಎಲೆ ಹೇಳಿ ನಿಲ್ಲಿಸಿದಳು. ಏಳನೆಯದಕ್ಕಾಗಿ ನಾವು ಕಾದೆವು.

"ಕತ್ಲೆ... ಎಲೆ ಕಾಣಿಸ್ತಿಲ್ಲ," ಎಂದಳು. ಕಿಟಕಿಯಲ್ಲಿ ನಾಲ್ಕು ಗಂಟೆಯ ಬಿಸಿಲು ಉರಿಯುತ್ತಿತ್ತು.

"ಮೀಟರು ಎಷ್ಟು ತೋರಿಸ್ತಿದೆ?" ಎಂದರು ಭಾವ.

"ತೊಂಬತ್ತೆಂಟು."

ಭಾವನವರು ನಗಲಿಲ್ಲ, ದಂಡವನ್ನೂ ಹಾಕಲಿಲ್ಲ. ಕೈಯಲ್ಲಿದ್ದುದನ್ನು ಚಾಪೆಯ ಮೇಲೆ ಇಳಿಸಿ ಫೋನು ತೆಗೆದುಕೊಂಡರು. ಕ್ಲಿನಿಕ್ಕಿನ ನಂಬರು ಒತ್ತಿದರು.

"ಡಾಕ್ಟರ್, ಫಸ್ಟ್ ಡೇ ಎಲೆವೆನ್ ಕಾರ್ಡ್ಸ್. ಯೆಸ್ಟರ್‌ಡೇ ನೈನ್. ಟುಡೇ ಓನ್ಲಿ ಸಿಕ್ಸ್."

"ಕಾರ್ಡ್ಸ್? ವಾಟ್ ಕಾರ್ಡ್ಸ್ ಲಾ, ಸರ್?" ಎಂಬ ಧ್ವನಿ ನಮಗೂ ಕೇಳಿಸಿತು.

"ಇನ್ ಒನ್ ಬ್ರೆತ್, ಡಾಕ್ಟರ್. ಇನ್ ಒನ್ ಬ್ರೆತ್."

ನಾನು ಚಾಪೆಯ ಮೇಲೆ ಕುಳಿತೇ ಇದ್ದೆ. ಸೋಂಕಿತರ ಪರವಾಗಿ ಅಷ್ಟುದ್ದ ವಾದಿಸಿದ ನಾನು, ಒಂದು ದಿನವಾದರೂ ಅವಳ ಉಸಿರನ್ನು ಕೇಳಿಸಿಕೊಂಡಿದ್ದೆನೇ?

"ರೀ, ಇಷ್ಟು ದಿನ ನೀವು ಆಟ ಆಡ್ತಿರಲಿಲ್ವಾ?" ಎಂದಳು ಅಕ್ಕ ಬಾಗಿಲ ಹಿಂದಿನಿಂದ.

"ಇಲ್ಲ ಕಣೇ," ಎಂದರು ಭಾವ. "ಬ್ಯಾಗಿಗೆ ಬಟ್ಟೆ ಹಾಕ್ಕೋ."

ಆಂಬುಲೆನ್ಸ್ ಬಂದಾಗ ಅಕ್ಕ ಜಗಳವಾಡಲಿಲ್ಲ; ಜಗಳಕ್ಕೆ ಬೇಕಾದ ಉಸಿರು ಅವಳಲ್ಲಿರಲಿಲ್ಲ. ಇನ್ನು ಒಂದು ದಿನ ತಡವಾಗಿದ್ದರೆ ಕಷ್ಟವಿತ್ತೆಂದು ವಾರ್ಡಿನ ಡಾಕ್ಟರು ಆಮೇಲೆ ಹೇಳಿದರು. ಭಾವನವರು ಮಾತ್ರ ದಿನವೂ ನಾಲ್ಕು ಕೈ ಹಂಚುತ್ತಿದ್ದರು. ನಾಲ್ಕನೆಯ ಹದಿಮೂರು ಎಲೆಗಳು ಮಗುಚಿಕೊಂಡು ಬಾಗಿಲ ಬಳಿ ಬಿದ್ದಿರುತ್ತಿದ್ದವು. ಆಟ ಮುಂದೆ ಹೋಗುತ್ತಿರಲಿಲ್ಲ.

ಅವಳು ಆಸ್ಪತ್ರೆ ಸೇರಿದ ಎಂಟನೆಯ ದಿನ ಫೋನು ಬಂತು. "ರೀ, ಕೇಳಿಸ್ಕೊಳ್ಳಿ," ಎಂದವಳೇ ಅಕ್ಕ ಶುರು ಮಾಡಿದಳು. ಇಸ್ಪೀಟು ಎರಡು, ಮೂರು, ನಾಲ್ಕು, ಕಳಾವರ್ ಎಂಟು, ಒಂಬತ್ತು, ಹತ್ತು, ಆಟೀನ್ ರಾಣಿ... ಧ್ವನಿ ದಾರದಷ್ಟು ಸಣ್ಣದಾಗಿತ್ತು, ಆದರೆ ಎಲ್ಲಿಯೂ ತುಂಡಾಗಲಿಲ್ಲ. ಭಾವನವರು ಬೆರಳು ಮಡಚುತ್ತ ಹೋದರು. ಹದಿಮೂರು! ಆಮೇಲೆ ಅವರು ಗೋಡೆಯ ಕಡೆ ತಿರುಗಿಕೊಂಡರು.

ವಾರ್ಡಿನ ಮಂಚದಲ್ಲಿ ಅವಳ ಬಳಿ ಒಂದು ಎಲೆಯೂ ಇರಲಿಲ್ಲ. ಬಾಯಿಗೆ ಬಂದುದನ್ನು ಹೇಳಿದ್ದಳು. ಮಗಳು ನನ್ನ ಕಿವಿಯ ಬಳಿ ಪಿಸುಗುಟ್ಟಿದಳು: "ಚಿಕ್ಕಮ್ಮಾ, ಅಮ್ಮ ಸೆಡ್ ಆಟೀನ್ ರಾಣಿ ತ್ರೀ ಟೈಮ್ಸ್. ಎರಡು ಕಟ್ಟಿನಲ್ಲಿ ಹೌ ಕ್ಯಾನ್ ದೇರ್ ಬಿ ತ್ರೀ?"

"ಇರ್ತವೆ ಪುಟ್ಟಾ," ಎಂದೆ. "ಮೂರು ಇರ್ತವೆ."